ಅವ್ವ ಇನ್ನೂ ಇದ್ದಾಳೆ. ಪುಸ್ತಕದಲ್ಲಿ ‘ಅವ್ವನಿಗೆ ಅರ್ಪಣೆ’ ಅಂತ ಹಾಕಬಹುದಾ?

ಬೀಸುಕಲ್ಲು:
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ಅವ್ವ ಹಾಡುವ ಬೀಸುವ ಪದಗಳನ್ನು ನಾಲ್ಕು ವರ್ಷದಿಂದ ಬರೆದಿಟ್ಟುಕೊಳ್ಳುತ್ತಾ ಬಂದಿದ್ದೇನೆ. ಊರಿಗೆ ಹೋದಾಗೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು, ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿ ಕೇಳಿ ನೋಟ್‌ಬುಕ್ಕಿಗೆ ಇಳಿಸುವುದು. 212 ತ್ರಿಪದಿಗಳಾಗಿವೆ. ಈಗ ಪುಸ್ತಕ ಮಾಡಿಸುತ್ತಿದ್ದೇನೆ, 300 ಪ್ರತಿ. ಸೋಮವಾರ ಮೊದಲ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು, ಅಚ್ಚಿಗೆ ಹೋಗುತ್ತದೆ. ಅರ್ಪಣೆ ಪುಟ ಮಾತ್ರ ಬಾಕಿ.

‘ಅವ್ವನಿಗೆ ಅರ್ಪಣೆ’ ಅಂತ ಬರೆದಿದ್ದೆ. ಫೋನಿನಲ್ಲಿ ಓದಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಾ ಇನ್ನೂ ಅದೀನಲ್ಲವಾ. ಇದ್ದವರಿಗೆ ಎಡಿ ಹಿಡೀತಾರೇನು?” ಅಂದಳು. ಸಿಟ್ಟಿನಿಂದ ಅಂದಿದ್ದಲ್ಲ, ನಿಜವಾಗಿಯೂ ಕೇಳಿದ್ದು. ಅವಳ ಪಾಲಿಗೆ ಅರ್ಪಣೆ ಅಂದರೆ ದೇವರ ಮುಂದೆ ಇಡುವುದು, ಇಲ್ಲವೇ ಹಿರಿಯರ ಹಬ್ಬದಲ್ಲಿ ತೀರಿಕೊಂಡವರ ಹೆಸರಿನಲ್ಲಿ ಇಡುವುದು. ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದಳು. “ಹಾಡು ನನ್ನವಲ್ಲ, ನಿನ್ನವೂ ಅಲ್ಲ. ಯಾರದನ್ನ ಯಾರಿಗೆ ಕೊಡತಿ?”

ಎರಡು ದಿನದಿಂದ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಅರ್ಪಣೆ, ಸಮರ್ಪಣೆ, ಅಂಕಿತ, ಕಾಣಿಕೆ, ಇವುಗಳಲ್ಲಿ ಯಾವುದು ಸರಿ? ಬದುಕಿರುವವರಿಗೆ ಹಾಕುವುದು ತಪ್ಪಾ? ತಿಳಿದವರು ಹೇಳಿ.

ಅಚ್ಚುಮನೆ:
ಅಕ್ಕಾ, ಬದುಕಿರುವವರಿಗೆ ಹಾಕುವುದು ಖಂಡಿತ ತಪ್ಪಲ್ಲ. ನಾನು ಇಪ್ಪತ್ತು ವರ್ಷದಿಂದ ಡಿಟಿಪಿ, ಪ್ರೂಫ್ ಕೆಲಸದಲ್ಲಿದ್ದೇನೆ. ನನ್ನ ಕೈಮೇಲೆ ಹಾದುಹೋದ ಅರ್ಪಣೆಗಳಲ್ಲಿ ಅರ್ಧಕ್ಕರ್ಧ ಬದುಕಿರುವವರಿಗೇ ಇದ್ದವು. ಹೆಂಡತಿಗೆ, ಮೇಷ್ಟ್ರಿಗೆ, ಗೆಳೆಯರಿಗೆ, ಮೊಮ್ಮಗಳಿಗೆ.

ಕೆಲಸದ ಮಾತು ಮೊದಲು ಹೇಳಿಬಿಡುತ್ತೇನೆ. ಅರ್ಪಣೆ ಬಲಬದಿಯ ಪುಟದಲ್ಲಿ ಬರಲಿ. ಒಂದನೇ ಪುಟದಲ್ಲಿ ಪುಸ್ತಕದ ಹೆಸರು ಮಾತ್ರ, ಮೂರರಲ್ಲಿ ಹೆಸರಿನ ಜೊತೆ ನಿಮ್ಮ ಹೆಸರು, ಪ್ರಕಾಶನದ ಹೆಸರು. ನಾಲ್ಕರಲ್ಲಿ ಹಕ್ಕು, ಪ್ರತಿ, ಬೆಲೆ, ಕಾಗದ, ಮುದ್ರಕರ ವಿವರ. ಐದು ಅರ್ಪಣೆಗೆ. ಆರು ಖಾಲಿ. ಕಾಗದ ಉಳಿಯಲಿ ಅಂತ ಆರರಲ್ಲಿ ಕೃತಜ್ಞತೆಯನ್ನು ಒತ್ತೊತ್ತಾಗಿ ತುಂಬಿಸುವವರು ಇದ್ದಾರೆ. 70 ಜಿಎಸ್‌ಎಂ ಮ್ಯಾಪ್‌ಲಿಥೋದಲ್ಲಿ ಹಿಂದಿನ ಅಕ್ಷರ ಮುಂದಕ್ಕೆ ತೋರುತ್ತದೆ. ಐದನೇ ಪುಟದಲ್ಲಿ ನಿಮ್ಮ ಅವ್ವನ ಹೆಸರಿನ ಹಿಂದೆ ಯಾರ್ಯಾರದೋ ಹೆಸರು ಮಸುಕಾಗಿ ಕಾಣುತ್ತದೆ. ಅದು ಬೇಡ.

ಪದದ ವಿಷಯ. ಜಾಸ್ತಿ ಜನ ‘ಅರ್ಪಣೆ’ ಅಂತಲೇ ಹಾಕುತ್ತಾರೆ. ಹಿರಿಯರು ‘ಸಮರ್ಪಣೆ’ ಅನ್ನುತ್ತಾರೆ. ಕೆಲವರು ‘ನೆನಪಿಗೆ’, ‘ಪ್ರೀತಿಯಿಂದ’ ಅಂತ ಬರೆಯುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಇದ್ಯಾವುದೂ ಬೇಕಾಗಿಲ್ಲ. ಕನ್ನಡದಲ್ಲಿ ‘ಗೆ’ ಅನ್ನುವ ಒಂದೇ ಅಕ್ಷರ ಆ ಕೆಲಸ ಮಾಡುತ್ತದೆ. ಪುಟದ ಮಧ್ಯದಲ್ಲಿ ‘ಅವ್ವನಿಗೆ’ ಅಂತ ಇದ್ದರೆ ಓದುವವರಿಗೆ ಎಲ್ಲವೂ ಗೊತ್ತಾಗುತ್ತದೆ.

ಸಕ್ಕರೆನಾಡು:
ಫೋಟೋ ಹಾಕುವುದಾದರೆ ಹಾರ ಇಲ್ಲದ ಫೋಟೋ ಹಾಕಿ ಅಕ್ಕ. ನಮ್ಮ ಕಡೆ ಅರ್ಪಣೆ ಪುಟದಲ್ಲಿ ಫೋಟೋ ನೋಡಿದ ತಕ್ಷಣ “ಅಯ್ಯೋ, ಯಾವಾಗ ಹೋದರು?” ಅಂತಾರೆ. ನಿಮ್ಮವ್ವನ ಭಯಕ್ಕೆ ಕಾರಣ ಇದೆ.

ಹಳೆ ಮೇಷ್ಟ್ರು:
ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದವನು ನಾನು, ಈ ಪ್ರಶ್ನೆ ಬಿಟ್ಟು ಹೋಗಲಾರೆ.

ತಾಯಿ ಕೇಳಿದ ಪ್ರಶ್ನೆ ನಮ್ಮ ಸಾಹಿತ್ಯದಷ್ಟೇ ಹಳೆಯದು. ಕವಿ ತನ್ನ ಕಾವ್ಯವನ್ನು ದೇವರಿಗೆ ಕೊಡಬೇಕೋ, ಮನುಷ್ಯನಿಗೆ ಕೊಡಬೇಕೋ? ಪಂಪ ಇದನ್ನು ಎರಡು ಭಾಗ ಮಾಡಿದ. 941ರ ಆದಿಪುರಾಣ ಧರ್ಮದ್ದು, ಜಿನನದ್ದು. ವಿಕ್ರಮಾರ್ಜುನ ವಿಜಯ ಲೋಕದ್ದು. ಅಲ್ಲಿ ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನನ್ನಾಗಿ ಮಾಡಿಬಿಟ್ಟ. ಇಲ್ಲಿ ಲೌಕಿಕವನ್ನು ಬೆಳಗುತ್ತೇನೆ, ಅಲ್ಲಿ ಜಿನಾಗಮವನ್ನು ಬೆಳಗುತ್ತೇನೆ ಅಂತ ಅವನೇ ಹೇಳಿಕೊಂಡಿದ್ದಾನೆ. ಆಗ ಪುಸ್ತಕದ ಐದನೇ ಪುಟ ಅಂತ ಒಂದು ಇರಲಿಲ್ಲ. ಕಥಾನಾಯಕನ ಮೈಯೊಳಗೇ ಅರ್ಪಣೆ ಇರುತ್ತಿತ್ತು. ರನ್ನನೂ ಅದೇ ದಾರಿ ಹಿಡಿದ, ಗದಾಯುದ್ಧದಲ್ಲಿ ತನ್ನ ದೊರೆ ಸತ್ಯಾಶ್ರಯನನ್ನು ಭೀಮನನ್ನಾಗಿ ಮಾಡಿದ.

ರನ್ನನ ಇನ್ನೊಂದು ಕಾವ್ಯದ ಬಗ್ಗೆ ನನಗೆ ಜಾಸ್ತಿ ಪ್ರೀತಿ. 993ರಲ್ಲಿ ಅಜಿತಪುರಾಣ ಬರೆದ. ಬರೆಸಿದವಳು ಅತ್ತಿಮಬ್ಬೆ. ಲಕ್ಕುಂಡಿಯಲ್ಲಿ ಇವತ್ತಿಗೂ ನಿಂತಿರುವ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಅವಳೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ತಂಗೀ, ನೀನು 300 ಪ್ರತಿಗೆ ಎಷ್ಟು ಓಡಾಡಿದೆ ಅಂತ ಗೊತ್ತು. ಅವಳು ಅಚ್ಚಿಲ್ಲದ ಕಾಲದಲ್ಲಿ ಒಂದೊಂದು ತಾಳೆಗರಿಯನ್ನೂ ಕಂಠ ಅನ್ನುವ ಬರೆಯುವ ಮೊಳೆಯಿಂದ ಕೊರೆಸಿ ಸಾವಿರ ಮಾಡಿಸಿದಳು. ಜೈನರಲ್ಲಿ ಇದಕ್ಕೆ ಶಾಸ್ತ್ರದಾನ ಅಂತಾರೆ. ನೋಂಪಿ, ಅಂದರೆ ವ್ರತ, ಮುಗಿದಾಗ ಗ್ರಂಥದ ಪ್ರತಿ ಮಾಡಿಸಿ ಬಸದಿಗೋ ಮುನಿಗಳಿಗೋ ಕೊಡುವುದು. ಅಲ್ಲಿ ಪುಸ್ತಕವೇ ನೈವೇದ್ಯ. ರನ್ನ ತನ್ನ ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟ. ಬದುಕಿರುವ ಹೆಂಗಸಿಗೆ ಒಬ್ಬ ಕವಿ ಸಲ್ಲಿಸಿದ ಗೌರವ ಅದು. ಹಾಗಾಗಿ ಇರುವವರಿಗೆ ಹಾಕುವುದಕ್ಕೆ ಹಿಂಜರಿಕೆ ಬೇಡ.

ಈಗ ಎದುರು ಪಕ್ಷ. ಹಂಪೆಯ ವಿರೂಪಾಕ್ಷನನ್ನು ಬಿಟ್ಟು ಬೇರೆಯವರನ್ನು ಹೊಗಳುವುದಿಲ್ಲ ಅಂತ ಹರಿಹರ ಹಟ ಹಿಡಿದವನು. ಸೋದರಳಿಯ ರಾಘವಾಂಕ ಹರಿಶ್ಚಂದ್ರನ ಮೇಲೆ ಕಾವ್ಯ ಬರೆದ ಅಂತ, ನರನನ್ನು ಹೊಗಳಿದೆ ಅಂತ, ಹೊಡೆದು ಹಲ್ಲು ಉದುರಿಸಿದ ಅನ್ನುವ ಕಥೆ ಇದೆ. ಕಥೆ ಇರಬಹುದು. ಆದರೆ ಅಷ್ಟು ದೊಡ್ಡ ಕಥೆ ಹುಟ್ಟಬೇಕಾದರೆ ಆ ಪ್ರಶ್ನೆ ಆಗಿನವರನ್ನು ಎಷ್ಟು ಕಾಡಿರಬೇಕು ನೋಡಿ.

ವೀರನಾರಾಯಣ ಬೀದಿ:
ಮೇಷ್ಟ್ರೇ, ನೀವು ನಮ್ಮೂರಿನ ಕವಿಯನ್ನು ಬಿಟ್ಟಿರಿ. ಗದುಗಿನವನಾಗಿ ಸುಮ್ನೆ ಇರಲಿಕ್ಕಾಗಲ್ಲ.

ಕುಮಾರವ್ಯಾಸ ಕಾವ್ಯದ ಮೊದಲಲ್ಲೇ ಒಂದು ಮಾತು ಹೇಳಿಬಿಡುತ್ತಾನೆ. ಕವಿ ನಮ್ಮೂರ ದೇವರು ವೀರನಾರಾಯಣ, ತಾನು ಬರೀ ಲಿಪಿಕಾರ. ಅಂದರೆ ಬರೆದುಕೊಂಡವನು. ಅಕ್ಕಾ, ನಿಮ್ಮ ಅವ್ವ ಕೇಳಿದ್ದಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. “ಯಾರದನ್ನ ಯಾರಿಗೆ ಕೊಡತಿ” ಅಂದರೆ, ಅವನು ಕೊಡಲೇ ಇಲ್ಲ. ನಿನ್ನದೇ ಇದು, ಹೇಳಿದೆ, ಬರೆದುಕೊಂಡೆ ಅಂದ.

ಗುಡಿಯಲ್ಲಿ ಅವನು ಕೂತು ಬರೆದ ಕಂಬ ಅಂತ ತೋರಿಸುತ್ತಾರೆ. ಒದ್ದೆ ಬಟ್ಟೆಯಲ್ಲಿ ಬಂದು ಆ ಕಂಬದ ಹತ್ತಿರ ಕೂರುತ್ತಿದ್ದ, ಬಟ್ಟೆ ಒಣಗುವ ತನಕ ಪದ್ಯ ಬರುತ್ತಿತ್ತು ಅಂತ ನಮ್ಮಜ್ಜ ಹೇಳುತ್ತಿದ್ದರು. ಚಿಕ್ಕವನಿದ್ದಾಗ ನಾನು ಕೈ ಹಚ್ಚಿ ನೋಡಿದ್ದೇನೆ, ಹಸಿ ಇದೆಯೇನು ಅಂತ. ತಣ್ಣಗಿತ್ತು, ಅಷ್ಟೇ. ಆದರೆ ಈಗಲೂ ಊರಿಗೆ ಹೋದರೆ ಕೈ ತಾನಾಗಿ ಹೋಗುತ್ತದೆ.

ಬೀಸುಕಲ್ಲು:
ಲಿಪಿಕಾರ! ಈ ಮಾತು ಓದಿ ಮೈ ಜುಮ್ಮೆಂದಿತು. ನಾನು ಮಾಡಿದ್ದು ಅಷ್ಟೇ ತಾನೇ.

ಆದರೆ ಅವ್ವ ದೇವರಲ್ಲವಲ್ಲ. ‘ಅಂಕಿತ’ ಅನ್ನುವ ಪದ ಯಾರೂ ಬಿಡಿಸಲಿಲ್ಲ. ಅದೂ ಇದೇ ಅರ್ಥಾನಾ?

ಮಾನ್ವಿ ಹುಡುಗ:
ದಾಸರ ಕಡೆಯಿಂದ ನಾನು ಹೇಳುತ್ತೇನೆ. ನಮ್ಮದು ರಾಯಚೂರು ಜಿಲ್ಲೆ, ಜಗನ್ನಾಥದಾಸರ ಊರು.

ಅಂಕಿತ ಅಂದರೆ ಗುರುತು, ಮುದ್ರೆ. ಹಾಡಿನ ಕೊನೆಯಲ್ಲಿ ಬರುವ ದೇವರ ಹೆಸರು. ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಹಯವದನ, ವಿಜಯವಿಠಲ. ನೀವು ಹಾವೇರಿ ಕಡೆಯವರು, ಕಾಗಿನೆಲೆ ನಿಮಗೆ ಮನೆ ಪಕ್ಕ. ಕನಕದಾಸರು ಊರಿನ ಹೆಸರನ್ನೂ ದೇವರ ಹೆಸರನ್ನೂ ಸೇರಿಸಿ ಒಂದೇ ಮಾಡಿಕೊಂಡರು. ಹೆಂಗಸರೂ ಹೀಗೆ ಹಾಡಿದರು. ಹೆಳವನಕಟ್ಟೆ ಗಿರಿಯಮ್ಮನ ಹಾಡಲ್ಲಿ ಹೆಳವನಕಟ್ಟೆ ರಂಗ, ಹರಪನಹಳ್ಳಿ ಭೀಮವ್ವನ ಹಾಡಲ್ಲಿ ಭೀಮೇಶಕೃಷ್ಣ.

ಮುಖ್ಯ ವಿಷಯ ಏನೆಂದರೆ ಅಂಕಿತವನ್ನು ತಾನೇ ಇಟ್ಟುಕೊಳ್ಳುವಂತಿಲ್ಲ. ಗುರು ಕೊಡಬೇಕು. ಮುಂದೆ ಪುರಂದರದಾಸರಾದ ಶ್ರೀನಿವಾಸ ನಾಯಕರಿಗೆ ವ್ಯಾಸರಾಯರು ‘ಪುರಂದರವಿಠಲ’ ಅಂತ ಕೊಟ್ಟರು ಅನ್ನುವುದು ಸಂಪ್ರದಾಯ. ಗುರು ಶಿಷ್ಯನಿಗಾಗಿ ಒಂದು ಹಾಡನ್ನೇ ಕಟ್ಟಿ ಹರಸಿದರೆ ಅದಕ್ಕೆ ಅಂಕಿತ ಪದ ಅಂತಾರೆ. ಇವತ್ತಿಗೂ ಅಂಕಿತ ತೆಗೆದುಕೊಳ್ಳುವವರಿದ್ದಾರೆ. ನಮ್ಮ ಸೋದರತ್ತೆ ಐವತ್ತೈದು ದಾಟಿದ ಮೇಲೆ ತೆಗೆದುಕೊಂಡರು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಹಾಡು ಬರೆದಿದ್ದರು. ಕೊನೆಯ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದರು. ಅಂಕಿತ ಸಿಕ್ಕಿದ ದಿನ ರಾತ್ರಿ ಹಳೇ ನೋಟ್‌ಬುಕ್ ತೆಗೆದು ಒಂದೊಂದೇ ಹಾಡಿಗೆ ಕೊನೆಯ ಸಾಲು ತುಂಬಿಸುತ್ತಾ ಕೂತಿದ್ದು ನೋಡಿದ್ದೇನೆ.

ಆದ್ದರಿಂದ ಅಕ್ಕ, ಪುಸ್ತಕದ ಅರ್ಪಣೆ ಮೊದಲಿಗೇ ಬರುತ್ತದೆ, ಅಂಕಿತ ಕೊನೆಯ ಸಾಲಲ್ಲಿರುತ್ತದೆ. ಎಲ್ಲ ಹೇಳಿ ಮುಗಿಸಿ, ಕೈ ತೊಳೆದು, ‘ಕೃಷ್ಣಾರ್ಪಣಮಸ್ತು’ ಅಂತ ನೀರು ಬಿಟ್ಟ ಹಾಗೆ.

ಗಡಿನಾಡ ಓದುಗ:
ಬಳ್ಳಾರಿ ಕಡೆಯವನು, ಎರಡೂ ಭಾಷೆ ಓದುತ್ತೇನೆ. ತೆಲುಗಿನಲ್ಲಿ ಇದೇ ಪದಕ್ಕೆ ಬೇರೆ ಅರ್ಥ ಇದೆ. ಅಲ್ಲಿ ಪುಸ್ತಕ ಅರ್ಪಿಸುವುದನ್ನೇ ಅಂಕಿತ ಅನ್ನುತ್ತಾರೆ. ಕಾವ್ಯವನ್ನು ಕನ್ಯೆ ಅಂತ ಭಾವಿಸಿ ಮದುವೆ ಮಾಡಿಕೊಟ್ಟ ಹಾಗೆ. ತೆಗೆದುಕೊಂಡವನು ಕೃತಿಪತಿ. ಅಲ್ಲಸಾನಿ ಪೆದ್ದನ ಮನುಚರಿತ್ರವನ್ನು ಕೃಷ್ಣದೇವರಾಯನಿಗೆ ಕೊಟ್ಟ. ಅದೇ ರಾಯ ತಾನು ಬರೆದ ಆಮುಕ್ತಮಾಲ್ಯದವನ್ನು ವೆಂಕಟೇಶ್ವರನಿಗೆ ಕೊಟ್ಟ. ಪೋತನ ಮಾತ್ರ ಭಾಗವತವನ್ನು ಅರಸರಿಗೆ ಕೊಡಲು ಒಪ್ಪದೆ ರಾಮನಿಗೆ ಕೊಟ್ಟ ಅಂತ ಹೇಳುತ್ತಾರೆ. ಮೇಷ್ಟ್ರು ಹೇಳಿದ ಹರಿಹರನ ಹಟವೇ ಇದು, ತುಂಗಭದ್ರೆಯ ಈಚೆ ದಡದಲ್ಲೂ ಇತ್ತು ಆಚೆ ದಡದಲ್ಲೂ ಇತ್ತು.

ಕಲ್ಯಾಣದ ಓದುಗ:
ಶರಣರ ಕಡೆಯಿಂದ ನನ್ನದೊಂದು ಮಾತು. ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಅಜ್ಜಿ ಎಡಗೈಯಲ್ಲಿ ಲಿಂಗ ಹಿಡಿದು ತೋರಿಸಿಯೇ ತುತ್ತು ಎತ್ತುತ್ತಿದ್ದರು. ಅರ್ಪಿಸದೆ ಉಂಡರೆ ಅದು ಅನರ್ಪಿತ. ಅರ್ಪಿಸಿದ ಮೇಲೆ ಅದೇ ಅನ್ನ ಪ್ರಸಾದ. ಅನ್ನ ಎಲ್ಲಿಗೂ ಹೋಗಲಿಲ್ಲ, ತಟ್ಟೆಯಲ್ಲೇ ಇದೆ. ಕೊಟ್ಟಿದ್ದು ಕೊಟ್ಟವನಿಗೇ ವಾಪಸ್ ಬಂತು, ಆದರೆ ಈಗ ‘ನಂದು’ ಅನ್ನುವುದು ಅದರಲ್ಲಿ ಇಲ್ಲ. ಶರಣರು ಇದನ್ನು ಇನ್ನೂ ಸೂಕ್ಷ್ಮವಾಗಿ ನೋಡಿದರು. ಇಷ್ಟಲಿಂಗಕ್ಕೆ ರೂಪು, ಪ್ರಾಣಲಿಂಗಕ್ಕೆ ರುಚಿ, ಭಾವಲಿಂಗಕ್ಕೆ ತೃಪ್ತಿ. ನಾಲಗೆಗೆ ಸಿಕ್ಕ ರುಚಿಯನ್ನೂ ನನ್ನದು ಅನ್ನಬೇಡ, ಅದನ್ನೂ ಕೊಡು ಅಂತ.

ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತಲ್ವಾ? ಗಂಡ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ದಾಸೋಹಕ್ಕೇ ತಂದದ್ದು, ಆದರೂ ಬೇಡ ಅಂದಳು. ಅರ್ಪಿಸುವ ವಸ್ತು ಎಲ್ಲಿಂದ ಬಂತು ಅಂತ ಕೇಳಿದವಳು ಅವಳು. ನಿಮ್ಮ ಅವ್ವನ ಪ್ರಶ್ನೆ ಕೇಳಿ ನನಗೆ ಲಕ್ಕಮ್ಮ ನೆನಪಾದಳು.

ವಚನಗಳ ಅಂಕಿತದ ಬಗ್ಗೆ ಒಂದು ಮಾತು. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ, ಇವೆಲ್ಲ ದೇವರ ಹೆಸರು. ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಇಟ್ಟ. ದೋಣಿ ನಡೆಸುವವನ ಹೆಸರು ದೇವರ ಹೆಸರಿನ ಜಾಗದಲ್ಲಿ! ಅದಕ್ಕೆ ಎಷ್ಟು ಎದೆಗಾರಿಕೆ ಬೇಕು. ಈ ಒಂದು ಪದ ಜನರಿಗೆ ಎಷ್ಟು ಮುಖ್ಯ ಅಂದರೆ, ನಮ್ಮ ಕಾಲದಲ್ಲೇ ಬಸವಣ್ಣನವರ ವಚನಗಳ ಅಂಕಿತ ಬದಲಿಸಿ ಅಚ್ಚು ಮಾಡಿದ ಪುಸ್ತಕವನ್ನು 1998ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇನ್ನೊಬ್ಬರು ಕೊಟ್ಟ ಕಡೆಗೆ ನಾವು ಕೈ ಹಾಕಬಾರದು ಅಂತಲೇ ನಾನೂ ನಂಬುತ್ತೇನೆ.

ಸಕ್ಕರೆನಾಡು:
ನಂಗೆ ಒಂದು ಡೌಟು. ನಮ್ಮೂರ ದೇವಸ್ಥಾನದಲ್ಲಿ ಫ್ಯಾನಿನ ಮೂರೂ ರೆಕ್ಕೆ ಮೇಲೆ ‘ಸೇವಾರ್ಥ’ ಅಂತ ಬರೆದು ಹೆಸರು ಹಾಕಿದ್ದಾರೆ. ಟ್ಯೂಬ್‌ಲೈಟ್, ಗಡಿಯಾರ, ಸ್ಟೀಲ್ ಬೆಂಚು, ಎಲ್ಲದರ ಮೇಲೂ. ಕಲ್ಯಾಣದವರು ಹೇಳಿದ ಪ್ರಕಾರ ನೋಡಿದರೆ ಇದು ಅರ್ಪಣೆಯೇ ಅಲ್ಲ ಅಲ್ವಾ? ಹೆಸರು ಉಳಿಸಿಕೊಂಡು ಕೊಟ್ಟ ಹಾಗಾಯ್ತು.

ಹಳೆ ಮೇಷ್ಟ್ರು:
ಅಷ್ಟು ಕಠಿಣವಾಗಿ ನೋಡಬೇಡಪ್ಪ. ನಮ್ಮ ಸಾವಿರಾರು ದಾನಶಾಸನಗಳೂ ಇದೇ ಕೆಲಸ ಮಾಡಿವೆ. ಯಾರು ಕೊಟ್ಟರು, ಯಾವ ದೇವರಿಗೆ, ಎಷ್ಟು ಗದ್ದೆ, ಎಲ್ಲಿಂದ ಎಲ್ಲಿಯ ತನಕ. ‘ಧಾರಾಪೂರ್ವಕ’ ಅಂತ ಬರೆಯುತ್ತಾರಲ್ಲ, ಕೈಮೇಲೆ ನೀರು ಎರೆದು ಕೊಡುವುದು. ನೀರು ಬಿದ್ದ ಮೇಲೆ ವಾಪಸ್ ಇಲ್ಲ. ಕಲ್ಲಿನ ತಲೆಯ ಮೇಲೆ ಸೂರ್ಯ, ಚಂದ್ರ, ಕರು ಜೊತೆಗಿನ ಹಸು. ಕೊನೆಯಲ್ಲಿ ಶಾಪ: ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ. ಆ ಹೆಸರುಗಳು ಇಲ್ಲದಿದ್ದರೆ ನಮಗೆ ಇತಿಹಾಸವೇ ಸಿಗುತ್ತಿರಲಿಲ್ಲ. ಫ್ಯಾನ್ ಕೊಟ್ಟವನು ಅಪ್ಪನ ಹೆಸರನ್ನು ರೆಕ್ಕೆ ಮೇಲೆ ಬರೆಸಿದರೆ ಬರೆಸಲಿ. ಸೆಕೆಗೆ ಗಾಳಿ ಬರುತ್ತದೆ, ಅಪ್ಪನ ಹೆಸರೂ ತಿರುಗುತ್ತದೆ.

ನೇತ್ರಾವತಿ ತೀರ:
ಮಂಗಳೂರಿನಿಂದ. ನಮ್ಮಲ್ಲಿ ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಒಪ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅಮ್ಮ ನಾಲ್ಕು ಕಾಳು ಸುಲಿದು ಪುಡಿ ಮಾಡಿ ಪಾಯಸಕ್ಕೆ ಹಾಕುತ್ತಾಳೆ. ದೂರದಲ್ಲಿರುವ ಮಕ್ಕಳಿಗೆ ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳಿಸುವವರಿದ್ದಾರೆ. ಕಲ್ಯಾಣದವರು ಹೇಳಿದ ಪ್ರಸಾದದ ಮಾತು ಓದಿ ಇದು ನೆನಪಾಯಿತು.

ಇನ್ನೊಂದು, ಬೈಬಲ್ಲಿನಲ್ಲೂ ಒಂದು ಅರ್ಪಣೆ ಪುಟ ಇದೆ ಅನ್ನಬಹುದು. ಲೂಕನು ತನ್ನ ಸುವಾರ್ತೆಯನ್ನು ಥೆಯೊಫಿಲ ಅನ್ನುವವನನ್ನು ಕರೆದು ಶುರು ಮಾಡುತ್ತಾನೆ, ಅಪೊಸ್ತಲರ ಕೃತ್ಯಗಳನ್ನೂ ಅವನನ್ನೇ ಕರೆದು ಶುರು ಮಾಡುತ್ತಾನೆ. ಆ ಹೆಸರಿನ ಅರ್ಥ ದೇವರಿಗೆ ಪ್ರಿಯನಾದವನು. ನಿಜವಾಗಿ ಒಬ್ಬ ಮನುಷ್ಯ ಇದ್ದನೋ, ಓದುವ ಎಲ್ಲರಿಗೂ ಇಟ್ಟ ಹೆಸರೋ ಅಂತ ಇನ್ನೂ ಮಾತು ನಡೆಯುತ್ತದೆ. ನಾನು ಚಿಕ್ಕಂದಿನಲ್ಲಿ ಅದನ್ನು ನನಗೇ ಬರೆದಿದ್ದು ಅಂದುಕೊಂಡು ಓದುತ್ತಿದ್ದೆ.

ಮಲಪ್ರಭೆ:
ಎಲ್ಲರೂ ಚೆಂದದ ಮಾತು ಆಡುತ್ತಿದ್ದೀರಿ. ಓದುತ್ತಾ ಇದ್ದೆ. ಆದರೆ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ.

ನಮ್ಮ ದೊಡ್ಡವ್ವನಿಗೆ ಮುತ್ತು ಕಟ್ಟಿದ್ದರು. ಮನೆಯಲ್ಲಿ ಒಂದರ ಹಿಂದೆ ಒಂದು ಕಷ್ಟ ಬಂತು, ಗಂಡು ಮಗು ಉಳಿಯಲಿಲ್ಲ ಅಂತ ಹರಕೆ ಹೊತ್ತು ಎಂಟು ವರ್ಷದ ಹುಡುಗಿಯನ್ನು ದೇವಿಗೆ ಬಿಟ್ಟರು. ‘ಬಿಡುವುದು’ ಅಂತಲೇ ನಮ್ಮ ಕಡೆ ಅನ್ನುತ್ತಾರೆ. ದೇವರಿಗೆ ಕೋಣ ಬಿಟ್ಟ ಹಾಗೆ. ಕೆಂಪು ಬಿಳಿ ಮಣಿಸರ ಕೊರಳಿಗೆ ಹಾಕಿದಾಗ ಅವಳಿಗೆ ಹೊಸ ಸೀರೆ ಸಿಕ್ಕಿತಂತೆ. ಖುಷಿಯಾಗಿದ್ದೆ ಅಂತ ಹೇಳುತ್ತಿದ್ದಳು. ಆಮೇಲಿನದು ನಾನು ಇಲ್ಲಿ ಬರೆಯುವುದಿಲ್ಲ. ಅವಳು ಸಾಯುವ ತನಕ ಊರಿನ ಮದುವೆಗಳಲ್ಲಿ ತಾಳಿ ಸರದ ಮಣಿ ಪೋಣಿಸಿಕೊಟ್ಟಳು. ಅವಳನ್ನು ಮಾತ್ರ ಯಾರೂ ಮದುವೆಯಾಗಲಿಲ್ಲ.

ಅದನ್ನು ತಡೆಯುವ ಕಾನೂನು 1982ರಲ್ಲಿ ಬಂತು. ಅದರ ಹೆಸರಿನಲ್ಲೇ ನೀವೆಲ್ಲ ಚರ್ಚೆ ಮಾಡುತ್ತಿರುವ ಪದ ಇದೆ. ದೇವದಾಸಿ ಸಮರ್ಪಣಾ ನಿಷೇಧ. ಹೆಣ್ಣುಮಗಳು ಒಪ್ಪಿದ್ದರೂ ಒಪ್ಪದಿದ್ದರೂ ಆ ಸಮರ್ಪಣೆ ಕಾನೂನಿನ ಮುಂದೆ ನಿಲ್ಲುವುದಿಲ್ಲ ಅಂತ ಅದರಲ್ಲಿ ಹೇಳಿದೆ. ಆ ಸಾಲು ಮೊದಲ ಸಲ ಓದಿದಾಗ ನಾನು ಅತ್ತಿದ್ದೆ. ಎಂಟು ವರ್ಷದ ಹುಡುಗಿ ಹೊಸ ಸೀರೆ ನೋಡಿ ಖುಷಿಪಟ್ಟಿದ್ದು ಒಪ್ಪಿಗೆ ಅಲ್ಲ ಅಂತ ಯಾರೋ ಬರೆದಿಟ್ಟಿದ್ದಾರಲ್ಲ ಅಂತ.

ಬೀಸುಕಲ್ಲು ತಂಗೀ, ನಿನ್ನವ್ವ “ಯಾರದನ್ನ ಯಾರಿಗೆ ಕೊಡತಿ” ಅಂತ ಕೇಳಿದಳಲ್ಲ. ಆ ಮಾತನ್ನು ಅವತ್ತು ನಮ್ಮ ಮನೆಯಲ್ಲಿ ಒಬ್ಬರಾದರೂ ಕೇಳಬೇಕಿತ್ತು. ತೆಂಗಿನಕಾಯಿ ಕೊಡು, ಮುಡಿ ಕೊಡು, ಬೆಳೆದ ಜೋಳ ಕೊಡು. ನಿನ್ನ ಹಾಡು ಕೊಡು. ಇನ್ನೊಬ್ಬರ ಬದುಕು ಕೊಡಲಿಕ್ಕೆ ನೀನ್ಯಾರು?

ಹಳೆ ಮೇಷ್ಟ್ರು:
ಅಮ್ಮಾ, ನೀವು ಬರೆದದ್ದು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಮೇಲೆ ದಾನದ ಕಲ್ಲುಗಳ ಬಗ್ಗೆ ಹೆಮ್ಮೆಯಿಂದ ಬರೆದೆ. ಗುಡಿಗೆ ಗದ್ದೆಯ ಜೊತೆ ಸೂಳೆಯರನ್ನೂ ಬಿಟ್ಟ ಶಾಸನಗಳಿವೆ. ಕ್ಲಾಸಿನಲ್ಲಿ ಆ ಸಾಲು ಬಂದಾಗ ಬೇಗ ದಾಟಿಸಿ ಮುಂದೆ ಹೋಗುತ್ತಿದ್ದೆ. ದಾಟಿಸಬಾರದಿತ್ತು.

ಕಲ್ಯಾಣದ ಓದುಗ:
ಮಲಪ್ರಭೆ ಅಕ್ಕ, ನಿಮ್ಮ ದೊಡ್ಡವ್ವನಿಗೆ ಶರಣು.

ತೀರ್ಥಹಳ್ಳಿ ಮಳೆ:
ಇದಾದ ಮೇಲೆ ಏನು ಬರೆದರೂ ಸಣ್ಣದು ಅನ್ನಿಸುತ್ತದೆ. ಆದರೂ ಸೋಮವಾರ ಹತ್ತಿರ ಬಂತು ಅಂತ ಬರೆಯುತ್ತೇನೆ.

ಕನ್ನಡದಲ್ಲಿ ನನಗೆ ತುಂಬ ಇಷ್ಟವಾದ ಅರ್ಪಣೆ ಕುವೆಂಪು ಅವರದ್ದು. ರಾಮಾಯಣ ದರ್ಶನಂ ಕಾವ್ಯವನ್ನು ಅವರು ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದಾರೆ. ಅದು ಒಂದು ಸಾಲಿನದಲ್ಲ, ಪದ್ಯವೇ ಇದೆ. ಇದೋ, ಮುಗಿಸಿ ತಂದಿದ್ದೇನೆ, ನಿಮಗೆ ಒಪ್ಪಿಸಲು, ಅಂತ ಶುರುವಾಗುತ್ತದೆ. ವೆಂಕಣ್ಣಯ್ಯನವರು 1939ರಲ್ಲೇ ತೀರಿಕೊಂಡಿದ್ದರು. ಪುಸ್ತಕ ಬಂದಾಗ ಅವರು ಇರಲಿಲ್ಲ. ಆದರೂ ಹೋಮ್‌ವರ್ಕ್ ಮುಗಿಸಿ ಮೇಷ್ಟ್ರ ಮೇಜಿನ ಮುಂದೆ ನಿಂತ ಹುಡುಗನ ಹಾಗೆ ಮಾತಾಡುತ್ತಾರೆ. ಬೇಂದ್ರೆಯವರು ಇನ್ನೂ ಮುಂದೆ ಹೋದರು. ತಾಯಿ ಅಂಬಿಕೆಯ ಹೆಸರನ್ನು ತಮ್ಮ ಕಾವ್ಯನಾಮದಲ್ಲೇ ಸೇರಿಸಿಕೊಂಡರು. ಅಂಬಿಕಾತನಯದತ್ತ. ಪ್ರತಿ ಪದ್ಯದ ಕೆಳಗೂ ಅವ್ವನ ಹೆಸರು ಬಂದ ಹಾಗಾಯ್ತು.

ಅಕ್ಕ, ನಿಮ್ಮ ಅವ್ವ ಇದ್ದಾರೆ. ಓದಿ ಹೇಳಿದರೆ ಕೇಳುತ್ತಾರೆ. ಎಷ್ಟೋ ಜನರಿಗೆ ಆ ಭಾಗ್ಯ ಇಲ್ಲ. ನಾನು ನಮ್ಮಮ್ಮನಿಗೆ ಅಂತ ಬರೆದ ಪುಟವನ್ನು ಅವರು ನೋಡಲಿಲ್ಲ, ಎರಡು ತಿಂಗಳು ತಡವಾಯಿತು. ಪದ ಯಾವುದಾದರೂ ಇರಲಿ, ಹಾಕಿಬಿಡಿ.

ವೀರನಾರಾಯಣ ಬೀದಿ:
ಬೀಸುವ ಪದದಲ್ಲೇ ಅರ್ಪಣೆ ಇದೆಯಲ್ಲ ಅಕ್ಕ? ಬೆಳಗಾಗಿ ಎದ್ದು ಯಾರನ್ನು ನೆನೆಯಲಿ ಅಂತ ಕೇಳಿಕೊಂಡು, ಎಳ್ಳು ಜೀರಿಗೆ ಬೆಳೆಯುವ ಭೂಮಿತಾಯಿಯನ್ನು ನೆನೆಯುವ ತ್ರಿಪದಿ ಎಲ್ಲರಿಗೂ ಬಾಯಿಗೆ ಬರುತ್ತದೆ. ನಿಮ್ಮ ಅವ್ವ ಯಾವುದರಿಂದ ಶುರು ಮಾಡುತ್ತಾರೆ, ಅವರನ್ನೇ ಕೇಳಿ.

ಬೀಸುಕಲ್ಲು:
ನಿನ್ನೆ ರಾತ್ರಿ ಅವ್ವನಿಗೆ ಫೋನ್ ಮಾಡಿ ನೀವು ಬರೆದದ್ದನ್ನೆಲ್ಲ ಒಂದೊಂದಾಗಿ ಓದಿ ಹೇಳಿದೆ. ಒಂದು ತಾಸಿನ ಮೇಲಾಯಿತು. ಅತ್ತಿಮಬ್ಬೆಯ ಸಾವಿರ ಪ್ರತಿ ಕೇಳಿ “ಬಂಗಾರದಂಥಾಕಿ” ಅಂದಳು. ಲಕ್ಕಮ್ಮನ ಕಥೆ ಅವಳಿಗೆ ಗೊತ್ತಿತ್ತು, ಮಧ್ಯದಲ್ಲೇ ತಾನು ಹೇಳಲು ಶುರು ಮಾಡಿದಳು. ಮಲಪ್ರಭೆ ಅಕ್ಕ ಬರೆದದ್ದು ಓದುವಾಗ ನನಗೆ ದನಿ ಒಡೆಯಿತು. ಅವ್ವ ಆ ಕಡೆ ಏನೂ ಮಾತಾಡಲಿಲ್ಲ. ಆಮೇಲೆ ನಮ್ಮ ಓಣಿಯಲ್ಲಿದ್ದ ಒಬ್ಬ ಮುದುಕಿಯ ಹೆಸರು ಹೇಳಿದಳು. ನಾನು ಚಿಕ್ಕವಳಿದ್ದಾಗ ತೀರಿಕೊಂಡವಳು. ನನ್ನ ನೋಟ್‌ಬುಕ್ಕಿನಲ್ಲಿರುವ ಪದಗಳಲ್ಲಿ ನಲವತ್ತರಷ್ಟಾದರೂ ಆಕೆಯ ಬಾಯಿಂದ ಕಲಿತದ್ದಂತೆ. “ಆಕೀಗೂ ಮುತ್ತು ಕಟ್ಟಿದ್ರವ್ವಾ” ಅಂದಳು. ನಾಲ್ಕು ವರ್ಷ ರೆಕಾರ್ಡ್ ಮಾಡಿದ್ದೇನೆ, ಈ ಮಾತು ಒಂದು ದಿನವೂ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ, ಈ ಹಾಡು ಯಾರಿಂದ ಕಲಿತೆ ಅಂತ.

ಹಾಗಾಗಿ ಈ ವಾರ ಊರಿಗೆ ಹೋಗುತ್ತಿದ್ದೇನೆ. ಅಚ್ಚಿನವರಿಗೆ ಹೇಳಿ ಹದಿನೈದು ದಿನ ಮುಂದಕ್ಕೆ ಹಾಕಿಸಿಕೊಂಡೆ. ಒಂದೊಂದು ಪದದ ಕೆಳಗೂ ಅದು ಯಾರಿಂದ ಬಂತು ಅಂತ ಅವ್ವನಿಗೆ ನೆನಪಿದ್ದಷ್ಟು ಬರೆಯುತ್ತೇನೆ. ಅಜ್ಜಿ, ಸೋದರತ್ತೆ, ಕಳೆ ತೆಗೆಯಲು ಬರುತ್ತಿದ್ದವರು, ಆ ಮುದುಕಿ.

ಐದನೇ ಪುಟಕ್ಕೆ ಅವ್ವ ಒಪ್ಪಿದ ಸಾಲು ಇದು: ‘ಕಲ್ಲಿನ ಮುಂದೆ ಕೂತು ಹಾಡಿದವರಿಗೆ. ಅವ್ವ ಹೇಳಿದಳು, ನಾನು ಬರೆದುಕೊಂಡೆ.’

ಅರ್ಪಣೆ ಅನ್ನುವ ಪದ ಇಲ್ಲ. ಅಚ್ಚುಮನೆಯವರು ಹೇಳಿದ ‘ಗೆ’ ಇದೆ. ಗದುಗಿನವರು ಕೊಟ್ಟ ಲಿಪಿಕಾರನೂ ಇದ್ದಾನೆ. ಪುಸ್ತಕ ಬಂದ ದಿನ ಮೊದಲ ಪ್ರತಿಯನ್ನು ಪಡಸಾಲೆಯ ಬೀಸುಕಲ್ಲಿನ ಮೇಲೆ ಇಟ್ಟು ಅರಿಷಿಣ ಕುಂಕುಮ ಹಚ್ಚಬೇಕು ಅಂತ ಅವ್ವ ಹೇಳಿದ್ದಾಳೆ. ಎಡಿ ಹಿಡಿಯುವುದು ಕಲ್ಲಿಗೆ, ತನಗಲ್ಲ ಅಂತ. ಆಮೇಲೆ ಆ ಪ್ರತಿಯನ್ನು ತಾನು ಇಟ್ಟುಕೊಳ್ಳುತ್ತಾಳಂತೆ.

ಮಲಪ್ರಭೆ ಅಕ್ಕ, ಎರಡನೇ ಪ್ರತಿ ನಿಮಗೆ. ವಿಳಾಸವನ್ನು ಇಲ್ಲಿ ಹಾಕಬೇಡಿ, ನನಗೊಬ್ಬಳಿಗೇ ಕಳಿಸಿ.

ಮಲಪ್ರಭೆ:
ಕಳಿಸುತ್ತೇನೆ ತಂಗೀ. ಆ ಮುದುಕಿಯ ಹೆಸರನ್ನು ಪೂರ್ತಿ ಹಾಕು.

ಅಚ್ಚುಮನೆ:
ಹೆಸರುಗಳು ಸೇರಿದರೆ ಪುಟ ಜಾಸ್ತಿಯಾಗುತ್ತವೆ, ಬಹುಶಃ ಒಂದು ಫಾರಂ ಹೆಚ್ಚು ಬೀಳುತ್ತದೆ. ಪ್ರೂಫ್ ನನಗೆ ಕಳಿಸಿ ಅಕ್ಕ, ಹಣ ಬೇಡ. ಆರನೇ ಪುಟ ಮಾತ್ರ ಖಾಲಿ ಬಿಡಿ.